ಮೂಕಜೀವಿಗಳ ದಾಸೋಹ: ಚೀಲದ ಬೆಲೆಯೋ, ತುತ್ತಿನ ಬೆಲೆಯೋ?



ದಾಸೋಹವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಪಂಕ್ತಿಯಲ್ಲಿ ಕುಳಿತ ಮನುಷ್ಯರು. ಆದರೆ ಶರಣರು ದಯೆಯನ್ನು ಮನುಷ್ಯಕುಲಕ್ಕಷ್ಟೇ ಮೀಸಲಿಡಲಿಲ್ಲ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ವಾಸವಾಗಿರುವ ನಮ್ಮ ಸಮಾಜದ ಅನೇಕ ಕುಟುಂಬಗಳು ಬೀದಿಯ ನಾಯಿಗಳಿಗೆ ನಿತ್ಯವೂ ಅನ್ನವಿಕ್ಕುತ್ತವೆ. ಕೆಲವರು ಹತ್ತಿಪ್ಪತ್ತು ನಾಯಿಗಳನ್ನು ಸಾಕುವ ಆಶ್ರಯಗಳನ್ನೇ ನಡೆಸುತ್ತಾರೆ. ಅಂಥವರು ನಮ್ಮಲ್ಲಿ ಕೇಳುವ ಪ್ರಶ್ನೆಗಳು ಮುಖ್ಯವಾಗಿ ಮೂರು. ಯಾವ ಚೀಲದ ಆಹಾರವನ್ನು ಕೊಂಡರೆ ಹಣಕ್ಕೆ ತಕ್ಕ ಸತ್ವ ದೊರೆಯುತ್ತದೆ? ಮನೆಯಲ್ಲೇ ಬೇಯಿಸಿ ಹಾಕಿದರೆ ಸಾಲದೆ? ಮಾಂಸವನ್ನು ಮುಟ್ಟದ ನಾವು ನಾಯಿಗೆ ಏನನ್ನು ಕೊಡಬೇಕು? ಈ ತಿಂಗಳು ಇವುಗಳನ್ನೇ ವಿಚಾರ ಮಾಡೋಣ.

ಇದು ಸಣ್ಣ ವಿಷಯವೆಂದು ಯಾರೂ ಭಾವಿಸಬಾರದು. 2023ರಲ್ಲಿ ನಡೆದ ಗಣತಿಯಂತೆ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿ ಸುಮಾರು 2 ಲಕ್ಷ 79 ಸಾವಿರ ಬೀದಿ ನಾಯಿಗಳಿದ್ದವು. 2025ರ ಆಗಸ್ಟ್ 22ರಂದು ಸರ್ವೋಚ್ಚ ನ್ಯಾಯಾಲಯವು, ಬೀದಿ ನಾಯಿಗಳಿಗೆ ಗೊತ್ತುಪಡಿಸಿದ ಸ್ಥಳಗಳಲ್ಲಿ ಮಾತ್ರ ಆಹಾರ ಕೊಡಬೇಕೆಂದಿತು. ಅದೇ ವರ್ಷ ನವೆಂಬರ್ 7ರಂದು, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಲ್ಲಿರುವ ನಾಯಿಗಳನ್ನು ಆಶ್ರಯತಾಣಗಳಿಗೆ ಸಾಗಿಸಬೇಕೆಂದು ಆದೇಶಿಸಿತು. ಬೀದಿಯಲ್ಲಿರುವ ನಾಯಿ ನಾಲ್ಕು ಮನೆ ಸುತ್ತಿ ತನಗೆ ಬೇಕಾದುದನ್ನು ಹುಡುಕಿಕೊಳ್ಳುತ್ತದೆ. ಗೂಡಿನಲ್ಲಿರುವ ನಾಯಿಗೆ ಆ ಸ್ವಾತಂತ್ರ್ಯವಿಲ್ಲ. ನಾವು ಇಟ್ಟದ್ದೇ ಅದರ ಪಾಲಿನ ಸರ್ವಸ್ವ. ಆದುದರಿಂದ ಒಂದು ಹೊತ್ತಿನ ಪ್ರೀತಿಯ ತುತ್ತಿಗೂ ವರ್ಷವಿಡೀ ಇಡುವ ಆಹಾರಕ್ಕೂ ಬಹಳ ವ್ಯತ್ಯಾಸವುಂಟು.

ಇದಕ್ಕೆ ನಮ್ಮ ಊರಿನದೇ ಒಂದು ನಿದರ್ಶನವಿದೆ. 2025ರ ಜುಲೈನಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಎಂಟು ವಲಯಗಳ ಸುಮಾರು ಐದು ಸಾವಿರ ಬೀದಿ ನಾಯಿಗಳಿಗೆ ಕೋಳಿಮಾಂಸದ ಅನ್ನ ನೀಡುವ ಯೋಜನೆಯನ್ನು ಪ್ರಕಟಿಸಿತು. ವೆಚ್ಚ 2.88 ಕೋಟಿ ರೂಪಾಯಿ. ಒಂದು ನಾಯಿಯ ದಿನದ ಊಟಕ್ಕೆ 22 ರೂಪಾಯಿ 42 ಪೈಸೆ. ಊಟದ ತೂಕ ಸುಮಾರು 367 ಗ್ರಾಂ: ಕೋಳಿಮಾಂಸ 150 ಗ್ರಾಂ, ಅಕ್ಕಿ 100, ತರಕಾರಿ 100, ಎಣ್ಣೆ 10, ಉಳಿದದ್ದು ಉಪ್ಪು ಮತ್ತು ಅರಿಶಿನ. ಮನುಷ್ಯರಿಗೇ ಇಲ್ಲದ ಊಟ ನಾಯಿಗೇಕೆ ಎಂದು ಹಲವರು ಕುಹಕವಾಡಿದರು. ಆ ಚರ್ಚೆ ನಮಗೆ ಬೇಡ. ಲೆಕ್ಕವನ್ನು ಮಾತ್ರ ನೋಡೋಣ.

ನೂರು ಗ್ರಾಂ ಎಂದರೆ ಹಸಿ ಅಕ್ಕಿಯೋ, ಬೆಂದ ಅನ್ನವೋ? ಹಸಿ ಅಕ್ಕಿಯಾದರೆ ಅದರಲ್ಲಿ ಸುಮಾರು 350 ಕ್ಯಾಲೊರಿ ಶಕ್ತಿಯುಂಟು; ಬೆಂದ ಅನ್ನವಾದರೆ 130 ಮಾತ್ರ, ಉಳಿದದ್ದು ನೀರು. ಮಾಂಸದಿಂದ ಸುಮಾರು 200, ಎಣ್ಣೆಯಿಂದ 90, ತರಕಾರಿಯಿಂದ 30 ಸೇರಿಸಿದರೆ ಮೊದಲ ಲೆಕ್ಕದಲ್ಲಿ 670, ಎರಡನೆಯದರಲ್ಲಿ 450. ಒಂದೇ ಶಬ್ದದ ಅಸ್ಪಷ್ಟತೆಯಿಂದ ಊಟದ ಮೂರನೆಯ ಒಂದು ಭಾಗವೇ ಮಾಯವಾಗುತ್ತದೆ. ನಾಯಿಯ ಆಹಾರವನ್ನು ಗುತ್ತಿಗೆಗೆ ಕೊಡುವವರೂ ದಾನ ಕೊಡುವವರೂ ಮೊದಲು ಕೇಳಬೇಕಾದ ಪ್ರಶ್ನೆಯಿದು: ತೂಗಿದ್ದು ಬೇಯಿಸುವ ಮುಂಚೆಯೋ, ಆಮೇಲೋ?

ಹಾಗಾದರೆ ನಾಯಿಗೆ ಬೇಕಾದುದೆಷ್ಟು? ಪಶುವೈದ್ಯರು ಬಳಸುವ ಸೂತ್ರದಂತೆ, ಸಂತಾನಹರಣ ಶಸ್ತ್ರಚಿಕಿತ್ಸೆಯಾದ ವಯಸ್ಕ ನಾಯಿಗೆ ಹತ್ತು ಕಿಲೋ ತೂಕವಿದ್ದರೆ ದಿನಕ್ಕೆ ಸುಮಾರು 630 ಕ್ಯಾಲೊರಿ, ಹದಿನೈದು ಕಿಲೋಗೆ 850, ಇಪ್ಪತ್ತು ಕಿಲೋಗೆ 1,060 ಬೇಕು. ಗೂಡಿನಲ್ಲಿ ಮಲಗಿಯೇ ಇರುವ ನಾಯಿಗೆ ಇನ್ನಷ್ಟು ಕಡಿಮೆ ಸಾಕು. ಬೆಳೆಯುವ ಮರಿಗೆ ತೂಕಕ್ಕೆ ಹೋಲಿಸಿದರೆ ಇದರ ಇಮ್ಮಡಿಯವರೆಗೂ, ಮರಿಗಳಿಗೆ ಹಾಲೂಡಿಸುವ ತಾಯಿಗೆ ಅದಕ್ಕಿಂತ ಹೆಚ್ಚೂ ಬೇಕಾಗುತ್ತದೆ. ಎಲ್ಲ ನಾಯಿಗಳಿಗೂ ಒಂದೇ ಬಟ್ಟಲಿನ ಅಳತೆ ಇಡುವುದು ಸಮತೆಯಂತೆ ಕಂಡರೂ ನ್ಯಾಯವಲ್ಲ.

ಈಗ ಅಂಗಡಿಯ ಚೀಲಕ್ಕೆ ಬರೋಣ. ಮಠದ ಉಗ್ರಾಣದಲ್ಲಿ ನಮಗೆ ಹಿರಿಯರು ಕಲಿಸಿದ ಮೊದಲ ಪಾಠವೆಂದರೆ, ಮೂಟೆಯ ಬೆಲೆ ನೋಡಬೇಡ, ಎಲೆಯ ಬೆಲೆ ನೋಡು ಎಂಬುದು. ಒಂದು ಮೂಟೆ ಅಗ್ಗವಾಗಿದ್ದು ಅದರಲ್ಲಿ ಕಲ್ಲು ಹೊಟ್ಟು ಹೆಚ್ಚಿದ್ದರೆ, ಕೊನೆಗೆ ಒಬ್ಬ ಭಕ್ತನ ಎಲೆಗೆ ಬೀಳುವ ಅನ್ನ ದುಬಾರಿಯಾಗುತ್ತದೆ. ನಾಯಿಯ ಒಣ ಆಹಾರಕ್ಕೂ ಇದೇ ನ್ಯಾಯ.

ಚೀಲದ ಹಿಂಬದಿಯಲ್ಲಿ ಪ್ರೋಟೀನು, ಕೊಬ್ಬು, ನಾರು, ತೇವಗಳ ಶೇಕಡಾವಾರು ಅಂಕಿಗಳಿರುತ್ತವೆ. ಖನಿಜಾಂಶವಾದ ಬೂದಿಯ ಅಂಕಿ ಇಲ್ಲದಿದ್ದರೆ ಏಳರಿಂದ ಒಂಬತ್ತು ಎಂದು ಹಿಡಿಯಬಹುದು. ಇವೆಲ್ಲವನ್ನೂ ನೂರರಿಂದ ಕಳೆದರೆ ಉಳಿಯುವುದು ಪಿಷ್ಟ. ಪ್ರೋಟೀನನ್ನೂ ಪಿಷ್ಟವನ್ನೂ ಮೂರೂವರೆಯಿಂದ, ಕೊಬ್ಬನ್ನು ಎಂಟೂವರೆಯಿಂದ ಗುಣಿಸಿ ಕೂಡಿದರೆ ನೂರು ಗ್ರಾಂ ಆಹಾರದ ಶಕ್ತಿ ಹೊರಬರುತ್ತದೆ.

ಉದಾಹರಣೆಗೆ ಎರಡು ಚೀಲಗಳನ್ನು ಕಲ್ಪಿಸಿಕೊಳ್ಳೋಣ. ಎರಡೂ 20 ಕಿಲೋದವು. ಮೊದಲನೆಯದರ ಬೆಲೆ 2,800 ರೂಪಾಯಿ. ಪ್ರೋಟೀನು 20, ಕೊಬ್ಬು 8, ನಾರು 5, ತೇವ 10, ಬೂದಿ 9, ಪಿಷ್ಟ 48. ನೂರು ಗ್ರಾಮಿಗೆ 306 ಕ್ಯಾಲೊರಿ. ಎರಡನೆಯದರ ಬೆಲೆ 3,400. ಪ್ರೋಟೀನು 24, ಕೊಬ್ಬು 14, ನಾರು 3, ತೇವ 10, ಬೂದಿ 7, ಪಿಷ್ಟ 42. ನೂರು ಗ್ರಾಮಿಗೆ 350 ಕ್ಯಾಲೊರಿ. ಕಿಲೋ ಲೆಕ್ಕದಲ್ಲಿ ಎರಡನೆಯದು 30 ರೂಪಾಯಿ ದುಬಾರಿ, ಅಂದರೆ ನೂರಕ್ಕೆ ಇಪ್ಪತ್ತೊಂದರಷ್ಟು. ಆದರೆ ಹದಿನೈದು ಕಿಲೋ ತೂಕದ ನಾಯಿಗೆ ಮೊದಲನೆಯದು ದಿನಕ್ಕೆ 278 ಗ್ರಾಂ ಬೇಕು, ಎರಡನೆಯದು 243 ಗ್ರಾಂ ಸಾಕು. ಖರ್ಚು ಒಂದರಲ್ಲಿ ಸುಮಾರು 39 ರೂಪಾಯಿ, ಇನ್ನೊಂದರಲ್ಲಿ 41. ಕಿಲೋವಿನಲ್ಲಿ ಕಂಡ ದೊಡ್ಡ ಅಂತರ ಬಟ್ಟಲಿನಲ್ಲಿ ನೂರಕ್ಕೆ ಆರಕ್ಕೆ ಇಳಿಯಿತು! ಮೂವತ್ತು ನಾಯಿಗಳಿರುವ ಆಶ್ರಯಕ್ಕೆ ತಿಂಗಳಿಗೆ ಎರಡು ಸಾವಿರದ ನೂರೈವತ್ತು ರೂಪಾಯಿಯ ವ್ಯತ್ಯಾಸ ಮಾತ್ರ.

ಆ ವ್ಯತ್ಯಾಸವನ್ನು ಕೊಡಬೇಕೇ ಬೇಡವೇ ಎಂಬುದನ್ನು ನಾಯಿಯೇ ಹೇಳುತ್ತದೆ. ಹೊಸ ಆಹಾರಕ್ಕೆ ಏಕಾಏಕಿ ಬದಲಿಸದೆ, ಏಳು ದಿನಗಳಲ್ಲಿ ಹಳೆಯದನ್ನು ಕಡಿಮೆ ಮಾಡುತ್ತಾ ಹೊಸದನ್ನು ಹೆಚ್ಚಿಸಿರಿ. ಒಂದು ತಿಂಗಳು ಕಾಯಿರಿ. ಮಲವು ಗಟ್ಟಿಯಾಗಿ ಸ್ವಲ್ಪವೇ ಬರುತ್ತಿದ್ದರೆ, ರೋಮ ಹೊಳೆಯುತ್ತಿದ್ದರೆ, ಕೈಯಾಡಿಸಿದಾಗ ಪಕ್ಕೆಲುಬು ಕೈಗೆ ಸಿಕ್ಕಿ ಕಣ್ಣಿಗೆ ಎದ್ದು ಕಾಣದಿದ್ದರೆ ಆಹಾರ ಮೈಗೆ ಹತ್ತುತ್ತಿದೆಯೆಂದು ತಿಳಿಯಿರಿ. ಮಲದ ರಾಶಿ ಹೆಚ್ಚಾದರೆ ನಾವು ಕೊಟ್ಟ ಹಣವೇ ಮಣ್ಣು ಸೇರುತ್ತಿದೆ ಎಂದರ್ಥ.

ಪ್ರೋಟೀನಿನ ಅಂಕಿಯೊಂದನ್ನೇ ನಂಬಬಾರದು. ಅದನ್ನು ಕನ್ನಡದಲ್ಲಿ ಸಸಾರಜನಕವೆಂದು ಕರೆದವರು ಅರಿತೇ ಕರೆದರು. ಪ್ರಯೋಗಾಲಯದಲ್ಲಿ ಅಳೆಯುವುದು ಸಾರಜನಕವನ್ನೇ. 2007ರಲ್ಲಿ ಅಮೆರಿಕದಲ್ಲಿ ಈ ಅಳತೆಯನ್ನು ವಂಚಿಸಲು ಗೋಧಿಯ ಅಂಟಿಗೆ ಮೆಲಮಿನ್ ಎಂಬ ರಾಸಾಯನಿಕವನ್ನು ಬೆರೆಸಲಾಗಿತ್ತು. ಚೀನಾದಿಂದ ಬಂದ ಆ ಪದಾರ್ಥವನ್ನು ತಿಂದ ನಾಯಿ ಬೆಕ್ಕುಗಳ ಮೂತ್ರಪಿಂಡಗಳು ಕೆಟ್ಟವು. ಆದುದರಿಂದ ತಯಾರಕರ ವಿಳಾಸ, ತಯಾರಿಕೆಯ ದಿನಾಂಕ, ತಂಡದ ಸಂಖ್ಯೆ ಮುದ್ರಿತವಾಗಿರುವ ಚೀಲವನ್ನೇ ಕೊಳ್ಳಿರಿ. ನಾಯಿ ಬೆಕ್ಕುಗಳ ಆಹಾರಕ್ಕೆ ಭಾರತೀಯ ಮಾನಕ ಬ್ಯೂರೋದ 11968ನೆಯ ಸಂಖ್ಯೆಯ ಮಾನಕವೊಂದುಂಟು. ಅದರ ಉಲ್ಲೇಖವಿದೆಯೇ ನೋಡಿರಿ. ಸಂಪೂರ್ಣ ಆಹಾರವೆಂದು ಬರೆದಿದೆಯೋ, ಬರಿಯ ತಿನಿಸೆಂದೋ ಎಂಬುದನ್ನೂ ಗಮನಿಸಿರಿ. ಬಿಡಿಯಾಗಿ ತೂಗಿ ಕೊಡುವ ಹೆಸರಿಲ್ಲದ ಆಹಾರ ಎಷ್ಟು ಅಗ್ಗವಾದರೂ ಬೇಡ.

ಇನ್ನು ಮನೆಯ ಅಡುಗೆ. ಅನ್ನವನ್ನು ಅರಗಿಸುವ ಶಕ್ತಿ ನಾಯಿಗುಂಟು. ತೋಳಕ್ಕಿಂತ ನಾಯಿಯಲ್ಲಿ ಪಿಷ್ಟವನ್ನು ಕರಗಿಸುವ ವಂಶವಾಹಿಯ ಪ್ರತಿಗಳು ಹೆಚ್ಚಿವೆಯೆಂದು ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ಮನುಷ್ಯನ ಒಲೆಯ ಪಕ್ಕದಲ್ಲಿ ಸಾವಿರಾರು ವರ್ಷ ಕುಳಿತದ್ದರ ಫಲವಿದು. ಆದರೆ ಅನ್ನದಲ್ಲಾಗಲಿ ಬರಿಯ ಮಾಂಸದಲ್ಲಾಗಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಇಲ್ಲವೆನ್ನುವಷ್ಟು ಕಡಿಮೆ: ನೂರು ಗ್ರಾಮಿಗೆ ಹತ್ತು ಹನ್ನೆರಡು ಮಿಲಿಗ್ರಾಂ. ಹದಿನೈದು ಕಿಲೋದ ನಾಯಿಗೆ ದಿನಕ್ಕೆ ಸುಮಾರು ಒಂದು ಗ್ರಾಂ, ಅಂದರೆ ಸಾವಿರ ಮಿಲಿಗ್ರಾಂ ಬೇಕು. ಪಾಲಿಕೆಯ ಆ ಊಟ ಬೀದಿಯ ನಾಯಿಗೆ ಒಂದು ಹೊತ್ತಿನ ಆಸರೆಯಾಗಬಹುದು. ಗೂಡಿನ ನಾಯಿಗೆ ಅದೊಂದೇ ಆಹಾರವಾದರೆ ಮರಿಗಳ ಮೂಳೆ ಸೊಟ್ಟಗಾಗುತ್ತದೆ.

ಇಲ್ಲಿ ನಮ್ಮ ನಾಡಿನ ರಾಗಿ ಸಹಾಯಕ್ಕೆ ಬರುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಉಂಟು. ಹಳ್ಳಿಯ ನಾಯಿ ಮುದ್ದೆ ತಿಂದು ಹೊಲ ಕಾಯ್ದದ್ದು ಸುಮ್ಮನೆ ಅಲ್ಲ. ಅಕ್ಕಿಯ ಅರ್ಧ ಭಾಗವನ್ನಾದರೂ ರಾಗಿಗೆ ಬದಲಿಸಿ, ಚೆನ್ನಾಗಿ ಬೇಯಿಸಿ, ಬೇಳೆ, ಸಿಹಿಗುಂಬಳ, ಕ್ಯಾರೆಟ್, ಒಂದು ಚಮಚ ಎಣ್ಣೆ, ಮೊಸರು ಸೇರಿಸಬಹುದು. ಹಾಲು ಹಲವು ನಾಯಿಗಳಿಗೆ ಭೇದಿ ತರುತ್ತದೆ. ಮೊಸರು ಸಾಮಾನ್ಯವಾಗಿ ಒಗ್ಗುತ್ತದೆ. ಸಾರಕ್ಕಿಯ ಮಾರುಕಟ್ಟೆಯಲ್ಲಿ ಸಗಟಾಗಿ ತರಕಾರಿ ಕೊಳ್ಳುವ ಆಶ್ರಯಗಳಿಗೆ ಇದು ಭಾರವಲ್ಲ. ಆದರೆ ರಾಗಿಯೊಂದೇ ಎಲ್ಲವನ್ನೂ ತುಂಬುವುದಿಲ್ಲ. ಉಳಿದ ಕ್ಯಾಲ್ಸಿಯಂ, ಸತು, ಅಯೋಡಿನ್, ಎ ಮತ್ತು ಡಿ ಜೀವಸತ್ವಗಳಿಗೆ ಪಶುವೈದ್ಯರು ಸೂಚಿಸುವ ಪೂರಕಪುಡಿ ಬೇಕೇ ಬೇಕು. ಬಿಸಿಲಿನಿಂದ ಡಿ ಜೀವಸತ್ವವನ್ನು ಸಾಕಷ್ಟು ತಯಾರಿಸಿಕೊಳ್ಳುವ ಶಕ್ತಿ ನಾಯಿಗಿಲ್ಲ. ದೊಡ್ಡ ಜಾತಿಯ ಮರಿಗಳಿಗೆ ಕ್ಯಾಲ್ಸಿಯಂ ಅತಿಯಾದರೂ ಕೇಡು. ಅಳತೆಯನ್ನು ವೈದ್ಯರೇ ಹೇಳಲಿ.

ಇನ್ನು ಕಠಿಣವಾದ ಪ್ರಶ್ನೆ. ನಮ್ಮ ಮನೆಗಳಿಗೆ ಮಾಂಸದ ಪ್ರವೇಶವಿಲ್ಲ. ಒಂದು ಪ್ರಾಣಿಯ ಹಸಿವಿಗಾಗಿ ಇನ್ನೊಂದನ್ನು ಕೊಲ್ಲಿಸುವುದು ದಯೆಯೇ ಎಂದು ತಾಯಂದಿರು ಕೇಳುತ್ತಾರೆ. ಪ್ರಶ್ನೆ ಯೋಗ್ಯವಾದುದು, ಅದನ್ನು ನಗೆಯಾಡಿ ತಳ್ಳಬಾರದು. ನಮ್ಮ ಅಭಿಪ್ರಾಯವನ್ನು ಹೀಗೆ ಹೇಳುತ್ತೇವೆ. ಆರೋಗ್ಯವಾಗಿರುವ ವಯಸ್ಕ ನಾಯಿಯು ಶಾಸ್ತ್ರೀಯವಾಗಿ ರೂಪಿಸಿದ ಸಸ್ಯಾಹಾರದಲ್ಲಿ ಬಾಳಬಲ್ಲದು. ಅಂಥ ಸಂಪೂರ್ಣ ಸಸ್ಯಾಹಾರದ ಚೀಲಗಳೂ ದೊರೆಯುತ್ತವೆ. ಆದರೆ ಶಾಸ್ತ್ರೀಯವಾಗಿ ಎಂಬ ಮಾತು ಮುಖ್ಯ. ಬರಿಯ ಮೊಸರನ್ನವಲ್ಲ, ಗ್ಲೂಕೋಸ್ ಬಿಸ್ಕತ್ತಂತೂ ಅಲ್ಲವೇ ಅಲ್ಲ. ಬಿಸ್ಕತ್ತಿನಲ್ಲಿರುವುದು ಮೈದಾ ಮತ್ತು ಸಕ್ಕರೆ. ಹೊಟ್ಟೆ ತುಂಬುತ್ತದೆ, ಮೈ ಬರಿದಾಗುತ್ತದೆ. ಮರಿ, ಬಸುರಿ, ಬಾಣಂತಿ, ರೋಗಿಗಳ ವಿಷಯದಲ್ಲಿ ವೈದ್ಯರನ್ನು ಕೇಳದೆ ನಮ್ಮ ನೇಮವನ್ನು ಹೇರಬಾರದು. ಬೆಕ್ಕಿಗಂತೂ ಅದು ಸಾಧ್ಯವೇ ಇಲ್ಲ. ಮಾಂಸದಲ್ಲಿ ಮಾತ್ರ ಸಿಗುವ ಸತ್ವಗಳಿಲ್ಲದೆ ಅದರ ಕಣ್ಣೂ ಹೃದಯವೂ ಕೆಡುತ್ತವೆ.

ವ್ರತವನ್ನು ಹಿಡಿದವರು ನಾವು, ನಾಯಿಯಲ್ಲ. ನಮ್ಮ ವ್ರತದ ಪುಣ್ಯಕ್ಕಾಗಿ ಅದರ ಮರಿ ಸೊರಗಿ ಸತ್ತರೆ ಆ ವ್ರತಕ್ಕೆ ಅರ್ಥವಿಲ್ಲ. ಸಸ್ಯಾಹಾರದಲ್ಲಿ ಸರಿಯಾಗಿ ಸಾಕಬಲ್ಲವರು ಹಾಗೆಯೇ ಸಾಕಲಿ. ಸಾಧ್ಯವಾಗದವರು ಮಾಂಸಾಂಶವಿರುವ ಒಣ ಆಹಾರವನ್ನು ಅಡುಗೆಮನೆಯಿಂದ ಹೊರಗೆ, ಪ್ರತ್ಯೇಕ ಡಬ್ಬಿ ಬಟ್ಟಲುಗಳಲ್ಲಿಟ್ಟು ಕೊಡಲಿ. ಅದರಿಂದ ಅವರ ಆಚಾರಕ್ಕೆ ಕುಂದು ಬಂತೆಂದು ನೆರೆಯವರು ಆಡಿಕೊಳ್ಳುವುದು ಬೇಡ. ಎರಡೂ ಸಾಧ್ಯವಿಲ್ಲದವರು ಮೊಲವನ್ನೋ ಹಸುವನ್ನೋ ಸಾಕಲಿ. ನಾಯಿಯನ್ನು ತಂದು ಅರೆಹೊಟ್ಟೆಯಲ್ಲಿಡುವುದು ಬೇಡ.

ಕಲ್ಯಾಣಮಂಟಪಗಳಿಂದ ಉಳಿದ ಅಡುಗೆ ತಂದು ಹಾಕುವವರಿಗೆ ಒಂದು ಎಚ್ಚರಿಕೆ. ಈರುಳ್ಳಿ, ಬೆಳ್ಳುಳ್ಳಿಗಳು ನಾಯಿಯ ರಕ್ತಕಣಗಳನ್ನು ನಾಶಮಾಡುತ್ತವೆ. ದ್ರಾಕ್ಷಿ ಮತ್ತು ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ಪಾಯಸ, ಕೇಸರಿಬಾತುಗಳಲ್ಲಿ ಅದು ಇದ್ದೇ ಇರುತ್ತದೆ. ಚಾಕೊಲೇಟು ಬೇಡ. ಬೇಯಿಸಿದ ಮೂಳೆ ಸಿಬಿರೊಡೆದು ಕರುಳನ್ನು ಚುಚ್ಚುತ್ತದೆ. ಬರಿಯ ಅನ್ನ, ಬೇಯಿಸಿದ ತರಕಾರಿ, ಮೊಸರುಗಳನ್ನು ಮಾತ್ರ ಬೇರ್ಪಡಿಸಿ ತಂದರೆ ಉಪಕಾರ.

ಕೊಂಡ ಮೇಲೆ ಕಾಪಾಡುವುದೂ ಮುಖ್ಯ. ಮಳೆಗಾಲದ ತೇವದಲ್ಲಿ ಮೆಕ್ಕೆಜೋಳ, ಕಡಲೆಕಾಯಿ ಹಿಂಡಿ ಸೇರಿದ ಆಹಾರಕ್ಕೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಿ ಯಕೃತ್ತನ್ನು ಕೆಡಿಸುತ್ತದೆ. ಬೇಯಿಸಿದರೂ ಅದು ಪೂರ್ತಿ ಹೋಗದು. ಚೀಲವನ್ನು ನೆಲಕ್ಕೂ ಗೋಡೆಗೂ ತಾಗಿಸದೆ ಹಲಗೆಯ ಮೇಲಿಡಿರಿ. ಬಾಯಿ ಬಿಚ್ಚಿದ ಚೀಲ ಐದಾರು ವಾರಗಳೊಳಗೆ ಮುಗಿಯಲಿ. ರಿಯಾಯಿತಿಯ ಆಸೆಗೆ ಮೂರು ತಿಂಗಳ ದಾಸ್ತಾನು ಬೇಡ. ಊಟದ ಹೊತ್ತಿಗೆ ಪ್ರತಿ ನಾಯಿಗೂ ಬೇರೆ ಬಟ್ಟಲಿಟ್ಟು, ಬಲಿಷ್ಠವಾದದ್ದು ಬಡಕಲಿನ ಪಾಲನ್ನು ಕಸಿಯದಂತೆ ನಿಂತು ನೋಡಿರಿ.

ಕಡೆಯದಾಗಿ, ಆಶ್ರಯ ನಡೆಸುವವರು ಒಂದು ಪುಸ್ತಕವಿಡಲಿ. ಪ್ರತಿ ನಾಯಿಯ ತೂಕ ತಿಂಗಳಿಗೊಮ್ಮೆ, ಕೊಂಡ ಚೀಲಗಳು, ಖರ್ಚಾದ ಹಣ, ಬಂದ ಕಾಣಿಕೆ ಎಲ್ಲವೂ ಅದರಲ್ಲಿರಲಿ. ಕಾಣಿಕೆ ಕೊಡುವವರೂ ಅದನ್ನು ಕೇಳಿ ನೋಡಲಿ. ಹುಟ್ಟುಹಬ್ಬಕ್ಕೆಂದು ಒಂದು ದಿನ ಬಿರಿಯಾನಿ ಹಾಕಿಸುವುದಕ್ಕಿಂತ, ಒಂದು ತಿಂಗಳ ಪೂರಕಪುಡಿಯ ವೆಚ್ಚವನ್ನು ವಹಿಸಿಕೊಳ್ಳುವುದು ಹೆಚ್ಚಿನ ಸೇವೆ. ಮನುಷ್ಯನಾದರೆ ಊಟ ಸರಿಯಿಲ್ಲವೆಂದು ಎದ್ದು ಹೇಳಬಲ್ಲ. ನಾಯಿ ಇಟ್ಟದ್ದನ್ನು ತಿಂದು ಬಾಲವಾಡಿಸುತ್ತದೆ. ಅದರ ಪರವಾಗಿ ಲೆಕ್ಕ ಕೇಳಬೇಕಾದವರು ನಾವೇ.