‘ಬರಂಗಿಲ್ಲ’ ತಪ್ಪೇ?

ಪ್ರತಿ ಬುಧವಾರ ಬೆಳಿಗ್ಗೆ ಚಾಟ್ಸ್‌ವುಡ್‌ನ ಗ್ರಂಥಾಲಯದಲ್ಲಿ ನಾನು ಮೂವರು ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಮೂವರೂ ಶಾಲೆಗೆ ಹೋಗದೆ ಮನೆಯಲ್ಲಿಯೇ ಕಲಿಯುವವರು. ಅವರಲ್ಲಿ 11 ವರ್ಷದ ಹುಡುಗಿಯೊಬ್ಬಳು ಒಮ್ಮೆ ತನ್ನ ಅಜ್ಜಿಯ ಕುರಿತು ಒಂದು ಪುಟ ಬರೆದು ತಂದಳು. ಆಸ್ಟ್ರೇಲಿಯಾಕ್ಕೆ ಬಾ ಎಂದರೆ ಅಜ್ಜಿ ಹೇಳುವ ಮಾತು ಅದರಲ್ಲಿತ್ತು: ‘ನಾ ಹುಬ್ಬಳ್ಳಿ ಬಿಟ್ಟು ಎಲ್ಲೂ ಬರಂಗಿಲ್ಲ.’ ನಾನು ಅಭ್ಯಾಸಬಲದಿಂದ ಕೆಂಪು ಶಾಯಿಯಲ್ಲಿ ‘ಬರುವುದಿಲ್ಲ’ ಎಂದು ತಿದ್ದಿದೆ. ಅವಳು ಕೇಳಿದಳು: ‘ಹಂಗಾರ ನಮ್ಮ ಅಜ್ಜಿಗೆ ಕನ್ನಡ ಬರಂಗಿಲ್ಲೇನು, ಅಂಕಲ್?’

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ನ್ಯೂ ಸೌತ್ ವೇಲ್ಸ್‌ನಲ್ಲಿ ಮನೆಶಿಕ್ಷಣಕ್ಕೆ ರಾಜ್ಯದ ಶಿಕ್ಷಣ ಪ್ರಾಧಿಕಾರದ ನೋಂದಣಿ ಕಡ್ಡಾಯ. ಪಾಠಕ್ರಮವು ರಾಜ್ಯದ ಪಠ್ಯಸೂಚಿಯನ್ನು ಆಧರಿಸಿರಬೇಕು. ಮಗುವಿನ ಇಂಗ್ಲಿಷ್ ಬರವಣಿಗೆಯನ್ನು ಸರ್ಕಾರ ವಿಚಾರಿಸುತ್ತದೆ, ಕನ್ನಡವನ್ನು ಯಾರೂ ವಿಚಾರಿಸುವುದಿಲ್ಲ. ಶಾಲಾಂತ್ಯದ ಎಚ್‌ಎಸ್‌ಸಿ ಪರೀಕ್ಷೆಯಲ್ಲಿ ಹಿಂದಿ, ತಮಿಳು, ಪಂಜಾಬಿಗಳಿಗೆ ಸ್ಥಾನವುಂಟು, ಕನ್ನಡಕ್ಕಿಲ್ಲ. ಈ ಅನ್ಯಾಯದ ವಿರುದ್ಧ ನಾವು ದನಿಯೆತ್ತಲೇಬೇಕು. ಆದರೆ ಪರೀಕ್ಷೆಯಿಲ್ಲದ ಈ ಸ್ವಾತಂತ್ರ್ಯವನ್ನು ಇಷ್ಟು ದಿನ ನಾವು ಹೇಗೆ ಬಳಸಿಕೊಂಡೆವು? ನಮ್ಮನ್ನು ದಣಿಸಿದ ಅದೇ ಉಕ್ತಲೇಖನ, ಅದೇ ಸಂಧಿ-ಸಮಾಸಗಳ ಬಾಯಿಪಾಠವನ್ನು ನಮ್ಮ ಊಟದ ಮೇಜಿಗೆ ತಂದೆವು.

ವ್ಯಾಕರಣ ಬೇಡವೆಂದು ನನ್ನ ವಾದವಲ್ಲ. ಅದು ಮಗುವಿನ ಬಾಯಲ್ಲಿರುವ ಕನ್ನಡದಿಂದ ಆರಂಭವಾಗಬೇಕು ಎಂಬುದಷ್ಟೇ ನನ್ನ ವಾದ. ಮುಂದಿನ ಬುಧವಾರ ನಾವು ‘ಬರಂಗಿಲ್ಲ’, ‘ಬರಲ್ಲ’, ‘ಬರುವುದಿಲ್ಲ’, ‘ಬಾರೆನು’ ಎಂಬ ನಾಲ್ಕು ರೂಪಗಳನ್ನು ಸಾಲಾಗಿ ಬರೆದೆವು. ‘ಬರಂಗಿಲ್ಲ’, ‘ಬರುವುದಿಲ್ಲ’ಗಳಲ್ಲಿ ‘ಇಲ್ಲ’ ಅಡಗಿರುವುದನ್ನು ಮಕ್ಕಳೇ ಕಂಡುಹಿಡಿದರು. ‘ಬಾರೆನು’ವಿನಲ್ಲಿ ‘ಇಲ್ಲ’ವೇ ಇಲ್ಲ, ಧಾತುವಿಗೆ ನೇರವಾಗಿ ‘ನಾನು’ ಎಂಬುದರ ಪ್ರತ್ಯಯ ಸೇರಿ, ಕಾಲಸೂಚಕವಿಲ್ಲದೆ ನಿಷೇಧ ಹುಟ್ಟುತ್ತದೆ. ಇದನ್ನು ಬಿಡಿಸಲು ಅರ್ಧ ಗಂಟೆ ಹಿಡಿಯಿತು, ಯಾರೂ ಆಕಳಿಸಲಿಲ್ಲ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ.ಎನ್. ಶಂಕರ ಭಟ್ಟರು ವಾದಿಸಿದ್ದರ ಅರ್ಥ ನನಗೆ ಆ ದಿನ ಇನ್ನಷ್ಟು ಹತ್ತಿರವಾಯಿತು. 9ನೆಯ ಶತಮಾನದ ‘ಕವಿರಾಜಮಾರ್ಗ’ವೇ ಕನ್ನಡದ ದೇಸಿಗಳು ಬೇರೆಬೇರೆಯಾಗಿರುವುದನ್ನು ಗುರುತಿಸಿ, ಅವುಗಳ ದೋಷ ಎಣಿಸಹೊರಟರೆ ವಾಸುಕಿಯೂ ಬೇಸತ್ತಾನು ಎಂದಿದೆ.

ಮನೆಶಿಕ್ಷಣಕ್ಕೆ ಇನ್ನೊಂದು ಅಪಾಯವಿದೆ. ಮನೆಯ ಕನ್ನಡವೆಂದರೆ ಬಹುಪಾಲು ಒಂದೇ ಜಾತಿಯ, ಒಂದೇ ಜಿಲ್ಲೆಯ ಕನ್ನಡ. ಶಾಲೆಯ ಬೆಂಚಿನಲ್ಲಿ ಪಕ್ಕಕ್ಕೆ ಬೇರೆ ಮನೆಯ ಮಗು ಕೂತಿರುತ್ತದೆ. ಇಲ್ಲಿ ಆ ಜಾಗವನ್ನು ಸಾಹಿತ್ಯವೇ ತುಂಬಬೇಕು. ದೇವನೂರ ಮಹಾದೇವರ ‘ಕುಸುಮಬಾಲೆ’ಯ ಮಾತು, ವೈದೇಹಿಯವರ ಕುಂದಾಪುರದ ಹೆಂಗಸರು, ಸಾರಾ ಅಬೂಬಕ್ಕರ್ ಕಂಡ ಚಂದ್ರಗಿರಿ ತೀರ, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕರ ಕಥಾಲೋಕ: ಇವುಗಳಿಂದ ವಯಸ್ಸಿಗೆ ತಕ್ಕ ಭಾಗಗಳನ್ನು ಆಯ್ದು ಗಟ್ಟಿಯಾಗಿ ಓದಿಸಬೇಕು. ಇವಿಲ್ಲದಿದ್ದರೆ ‘ಸಂಸ್ಕೃತಿ’ಯ ಹೆಸರಿನಲ್ಲಿ ಮಗುವಿಗೆ ಸಿಗುವುದು ತನ್ನ ಕುಲದ ಪ್ರತಿಬಿಂಬ ಮಾತ್ರ.

ಹಾಗಾದರೆ ಗ್ರಾಂಥಿಕ ಕನ್ನಡ ಬೇಡವೇ ಎಂದು ಕೆಲವು ಪಾಲಕರು ಆತಂಕದಿಂದ ಕೇಳುತ್ತಾರೆ. ಬೇಕು. ಈ ಲೇಖನವನ್ನೇ ನಾನು ಅದರಲ್ಲಿ ಬರೆಯುತ್ತಿದ್ದೇನೆ. ಪ್ರಬಂಧಕ್ಕೆ, ಮನವಿಪತ್ರಕ್ಕೆ, ದೂರದ ಓದುಗರಿಗೆ ಅದು ಬೇಕೇಬೇಕು. ಆದರೆ ಅದನ್ನು ಇನ್ನೊಂದು ಕನ್ನಡವೆಂದು ಕಲಿಸೋಣ, ಸರಿಯಾದ ಒಂದೇ ಕನ್ನಡವೆಂದು ಅಲ್ಲ.

ಹುಡುಗಿ ಆ ಪುಟವನ್ನು ಮತ್ತೆ ಬರೆದಳು. ತನ್ನ ನಿರೂಪಣೆಯನ್ನು ಪುಸ್ತಕದ ಕನ್ನಡಕ್ಕೆ ತಂದಳು, ಅಜ್ಜಿಯ ಮಾತನ್ನು ಇದ್ದಂತೆಯೇ ಉಳಿಸಿದಳು. ಆ ಆಯ್ಕೆಯನ್ನು ನಾನು ಹೇಳಿಕೊಟ್ಟಿರಲಿಲ್ಲ. ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಮನೆಯಲ್ಲಿ ಕಲಿಸುತ್ತಿರುವ ಗೆಳೆಯರಲ್ಲಿ ನನ್ನ ವಿನಂತಿ ಇಷ್ಟೇ: ಕೆಂಪು ಶಾಯಿ ಎತ್ತಿಕೊಳ್ಳುವ ಮೊದಲು, ಆ ವಾಕ್ಯ ಯಾರ ಮನೆಯದು ಎಂದು ಒಮ್ಮೆ ಮಗುವನ್ನು ಕೇಳಿ.