200 ಎಂಎಲ್... ಯಾವುದರದ್ದು?

ಚಿಕ್ಕಪ್ಪನಿಗೆ ಲಕ್ವ ಹೊಡೆದು, ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದು, ಮೂಗಿನಲ್ಲಿ ಟ್ಯೂಬ್ ಇಟ್ಟುಕೊಂಡೇ ಮನೆಗೆ ಬಂದರು. ಕೈಗೆ ಕೊಟ್ಟ ಡಿಸ್ಚಾರ್ಜ್ ಸಮ್ಮರಿ ನಾಲ್ಕು ಪುಟ. ಅದರಲ್ಲಿ ಮಾತ್ರೆಗಳದ್ದೇ ಒಂದು ಪುಟ. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಎಷ್ಟು ದಿನ... ಎಲ್ಲಾ ನೀಟಾಗಿ ಟೈಪ್ ಮಾಡಿತ್ತು. ಊಟದ ಬಗ್ಗೆ ಇದ್ದದ್ದು ಒಂದೇ ಸಾಲು: ಆರ್‌ಟಿ ಫೀಡ್ಸ್, 200 ಎಂಎಲ್, 2 ಗಂಟೆಗೊಮ್ಮೆ.

200 ಎಂಎಲ್ ಸರಿ ಸ್ವಾಮಿ, ಯಾವುದರದ್ದು?

ಚಿಕ್ಕಮ್ಮ ಕೇಳಿದ್ದೂ ಇದನ್ನೇ. "ಲಿಕ್ವಿಡ್ ಏನಾದ್ರೂ ಕೊಡಿ ಅಮ್ಮಾ. ಗಂಜಿ, ಹಾಲು, ಎಳನೀರು, ಜ್ಯೂಸು... ಗಟ್ಟಿ ಇರಬಾರ್ದು ಅಷ್ಟೆ, ಟ್ಯೂಬ್ ಬ್ಲಾಕ್ ಆಗುತ್ತೆ" ಅಂದರು ನರ್ಸ್. ಚಿಕ್ಕಮ್ಮನ ತಲೆಯಲ್ಲಿ ಉಳಿದದ್ದು ಕೊನೇ ಮಾತು ಮಾತ್ರ. ಬ್ಲಾಕ್ ಆದರೆ ಮತ್ತೆ ಆಸ್ಪತ್ರೆಗೆ ಓಡಬೇಕು, ಮತ್ತೆ ಮೂಗಿಗೆ ಟ್ಯೂಬ್ ತುರುಕಬೇಕು, ಚಿಕ್ಕಪ್ಪ ಒದ್ದಾಡೋದನ್ನ ನೋಡಬೇಕು. ಹಾಗಾಗಿ ಹಾಲಿಗೆ ಅರ್ಧಕ್ಕರ್ಧ ನೀರು. ರಾಗಿ ಗಂಜಿಗೆ ಎರಡು ಚಮಚ ಹಿಟ್ಟು, ಉಳಿದದ್ದೆಲ್ಲ ನೀರು. ಬೇಳೆ ಬೇಯಿಸಿ, ಬೇಳೆ ಮನೆಯವರಿಗೆ, ಕಟ್ಟು ಚಿಕ್ಕಪ್ಪನಿಗೆ!

ಐದನೇ ವಾರ ಬೆನ್ನ ಕೆಳಗೆ ಹುಣ್ಣು ಕಾಣಿಸಿಕೊಂಡಿತು. ಆಗ ಬೇರೆ ಕಡೆಯ ಡಯಟಿಷಿಯನ್ ಒಬ್ಬರು ಕೂತು ಲೆಕ್ಕ ಹಾಕಿಸಿದರು. ಆ ಲೆಕ್ಕವನ್ನ ಇಲ್ಲಿ ಹಾಕ್ತೀನಿ, ನೀವೂ ನೋಡಿ. ಬೆಳಿಗ್ಗೆ ಆರರಿಂದ ರಾತ್ರಿ ಎಂಟರವರೆಗೆ ಎಂಟು ಸಲ. ನೀರು ಬೆರೆಸಿದ ಹಾಲು ಎರಡು ಸಲ, ಒಟ್ಟು ಸುಮಾರು 120 ಕ್ಯಾಲರಿ. ಸಕ್ಕರೆ ಹಾಕಿದ ತೆಳ್ಳನೆ ರಾಗಿ ಗಂಜಿ ಎರಡು ಸಲ, 110. ಎಳನೀರು 40. ಬೇಳೆ ಕಟ್ಟು 40. ಮೋಸಂಬಿ ಜ್ಯೂಸ್ 80. ಅಕ್ಕಿ ಗಂಜಿ ತಿಳಿ 50. ಎಲ್ಲಾ ಕೂಡಿದರೆ 450 ಕೂಡ ಮುಟ್ಟಲ್ಲ. ಪ್ರೋಟೀನು ಸುಮಾರು 12 ಗ್ರಾಂ.

ಚಿಕ್ಕಪ್ಪನ ತೂಕ 60 ಕೆಜಿ. ಇಂಥ ರೋಗಿಗೆ ಕೆಜಿಗೆ 25ರಿಂದ 30 ಕ್ಯಾಲರಿ, ಅಂದರೆ ದಿನಕ್ಕೆ 1500ರಿಂದ 1800 ಬೇಕು. ಪ್ರೋಟೀನು ಕೆಜಿಗೆ ಕನಿಷ್ಠ ಒಂದು ಗ್ರಾಂ. ಬೆನ್ನಲ್ಲಿ ಹುಣ್ಣಾದವರಿಗೆ ಒಂದೂಕಾಲರಿಂದ ಒಂದೂವರೆ. ನಾವು ಕೊಡ್ತಾ ಇದ್ದದ್ದು ಬೇಕಾದ ಶಕ್ತಿಯ ಮೂರನೇ ಒಂದು ಭಾಗಕ್ಕೂ ಕಮ್ಮಿ, ಪ್ರೋಟೀನಂತೂ ಐದನೇ ಒಂದು ಭಾಗ. ದಿನಾ ಎಂಟು ಸಲ, ಗಡಿಯಾರ ನೋಡಿಕೊಂಡು, ಭಕ್ತಿಯಿಂದ, ಮನೆಯವರೆಲ್ಲ ಸೇರಿ ಆ ಮನುಷ್ಯನನ್ನ ಉಪವಾಸ ಕೆಡವಿದ್ದೆವು. ಬಾಯಿ ಬಿಟ್ಟು ಹಸಿವು ಅನ್ನೋಕೆ ಅವರಿಗೆ ಮಾತು ಹೊರಡ್ತಾ ಇರಲಿಲ್ಲ.

ಇದು ನಮ್ಮ ಮನೆಯ ದಡ್ಡತನ ಅಂತ ಪಕ್ಕಕ್ಕೆ ತಳ್ಳಬೇಡಿ. ಆಮೇಲೆ ನಾನು ಟ್ಯೂಬ್ ಇರುವ ರೋಗಿ ಕಂಡಲ್ಲೆಲ್ಲ ಮನೆಯವರನ್ನ ಕೇಳ್ತಾ ಬಂದಿದ್ದೀನಿ. ಎಲ್ಲೆಲ್ಲೂ ಅದೇ ಗಂಜಿ, ಅದೇ ಎಳನೀರು, ಅದೇ ಒಂದು ಸಾಲು. ರೋಗ ಆಸ್ಪತ್ರೆಯದ್ದು, ಊಟ ಅಡುಗೆಮನೆಯದ್ದು ಅಂತ ಯಾರೋ ಗೆರೆ ಎಳೆದುಬಿಟ್ಟಿದ್ದಾರೆ. ಬಾಯಲ್ಲಿ ಊಟ ಮಾಡುವವನಿಗೆ ಆ ಗೆರೆ ನಡೆಯುತ್ತೆ, ಹಸಿವಾದರೆ ಇನ್ನೊಂದು ಮುದ್ದೆ ಕೇಳ್ತಾನೆ. ಟ್ಯೂಬಿನಲ್ಲಿ ಹೋಗೋದು ಬಿಟ್ಟು ಇನ್ನೇನೂ ಹೊಟ್ಟೆಗೆ ಹೋಗದವನಿಗೆ ಆ 200 ಎಂಎಲ್ಲೇ ಔಷಧ. ಬಿಪಿ ಮಾತ್ರೆಯನ್ನ "ಬಿಳೀದು ಯಾವುದಾದ್ರೂ ಒಂದು ಕೊಡಿ" ಅಂತ ಬರೆದರೆ ಆ ಡಾಕ್ಟರನ್ನ ಸುಮ್ಮನೆ ಬಿಡ್ತೀವಾ?

ಹಳೇ ಕಥೆ ಇದು. 1974ರಲ್ಲೇ ಚಾರ್ಲ್ಸ್ ಬಟರ್‌ವರ್ತ್ ಅನ್ನೋ ಅಮೆರಿಕದ ವೈದ್ಯರು, ರೋಗಿಗಳು ಆಸ್ಪತ್ರೆಯೊಳಗೇ ಹಸಿವಿನಿಂದ ಸೊರಗ್ತಾ ಇದ್ದಾರೆ, ಅದನ್ನ ಯಾರೂ ಅಳೆಯೋದಿಲ್ಲ, ಬರೆದಿಡೋದಿಲ್ಲ ಅಂತ ತಮ್ಮವರ ಮೇಲೇ ಹರಿಹಾಯ್ದಿದ್ದರು. ಐವತ್ತು ವರ್ಷ ದಾಟಿತು. (ನಾವು ರೈಲ್ಸ್ ಟ್ಯೂಬ್ ಅನ್ನೋದು ಜಾನ್ ಆಲ್ಫ್ರೆಡ್ ರೈಲ್ ಅನ್ನೋ ಇಂಗ್ಲಿಷ್ ಡಾಕ್ಟರ ಹೆಸರಲ್ಲಿ. 1921ರಲ್ಲಿ ಅವರು ಅದನ್ನ ಬಳಸಿದ್ದು ಹೊಟ್ಟೆಯೊಳಗಿನ ರಸವನ್ನ ಪರೀಕ್ಷೆಗೆ ಹೊರಗೆ ತೆಗೆಯೋಕೆ. ನಮ್ಮ ಫೀಡ್ ನೋಡಿದರೆ ಟ್ಯೂಬ್ ಈಗಲೂ ಅದೇ ಕೆಲಸ ಮಾಡ್ತಿದೆ ಅನ್ನಿಸುತ್ತೆ.)

ನೆಂಟರ ಪಾಲೂ ಇದೆ ಬಿಡಿ. "ಮಲಗಿದೋರಿಗೆ ಎಷ್ಟು ಬೇಕು? ಜಾಸ್ತಿ ಕೊಟ್ರೆ ಅರಗಲ್ಲ", "ಲಂಘನಂ ಪರಮೌಷಧಂ". ಎರಡು ದಿನದ ಜ್ವರಕ್ಕೆ ಲಂಘನ ಸರಿಯಿರಬಹುದು. ಮೂರು ತಿಂಗಳು ಹಾಸಿಗೆ ಹಿಡಿದವನ ಮೇಲೆ ಅದನ್ನ ಹೇರೋದು ಯಾವ ವೈದ್ಯ?

ಹೊನ್ನಾವರದ ಹಳದೀಪುರದ ಅರುಣಾ ಶಾನಭಾಗ ನೆನಪಿದ್ದಾರಲ್ಲ? 1973ರಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಹಲ್ಲೆಗೊಳಗಾಗಿ 2015ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಮಲಗಿದ್ದರು. ಕಿವುಚಿದ ಅನ್ನವನ್ನ ನರ್ಸುಗಳು ಬಾಯಿಗೆ ಹಾಕಿ ಉಣಿಸ್ತಿದ್ದರು, 2010ರಲ್ಲಿ ಜ್ವರ ಬಂದು ಬಾಯಲ್ಲಿ ಸರಿಯಾಗಿ ಸೇರದಾದ ಮೇಲೆ ಟ್ಯೂಬ್ ಬಂತು. 2011ರಲ್ಲಿ ಸುಪ್ರೀಂ ಕೋರ್ಟ್ ಮುಂದಿದ್ದ ವೈದ್ಯರ ವರದಿಯಲ್ಲಿ ಅವರ ಮೈಮೇಲೆ ಒಂದೇ ಒಂದು ಬೆಡ್‌ಸೋರ್ ಇರಲಿಲ್ಲ. ಹೊರಳಿಸಿದ್ದು, ಒರೆಸಿದ್ದು, ಉಣಿಸಿದ್ದು, ಎಲ್ಲಾ ಸೇರಿ ಆದ ಕೆಲಸ ಅದು. ದಯಾಮರಣ ಬೇಕೋ ಬೇಡವೋ ಅಂತ ದೇಶವೆಲ್ಲ ಚರ್ಚೆ ಮಾಡಿತು. ಆ ಊಟದ ತಟ್ಟೆಯ ಬಗ್ಗೆ ಯಾರೂ ಮಾತಾಡಲಿಲ್ಲ.

"ಟಿನ್‌ನಲ್ಲಿ ಬರೋ ಪೌಡರ್ ತಂದುಬಿಡಿ" ಅನ್ನೋದು ಇನ್ನೊಂದು ಸುಲಭದ ಉತ್ತರ. ಒಳ್ಳೇದೇ, ಅಳತೆಗೆ ಸಿಗುತ್ತೆ, ಶುದ್ಧವಾಗಿರುತ್ತೆ. ಆದರೆ ದಿನದ ಪೂರ್ತಿ ಊಟ ಅದರಲ್ಲೇ ಆಗಬೇಕಾದರೆ ಟಿನ್ ಎಷ್ಟು ದಿನ ಬರುತ್ತೆ, ತಿಂಗಳಿಗೆ ಎಷ್ಟಾಗುತ್ತೆ ಅಂತ ಹೇಳೋರಿಲ್ಲ. ಹಾಗಾಗಿ ಜನ ಒಂದು ಟಿನ್ ತಂದು ದಿನಕ್ಕೆ ಎರಡು ಚಮಚ, ತೀರ್ಥ ಕೊಟ್ಟ ಹಾಗೆ ಕೊಡ್ತಾರೆ.

ನನಗೆ ಹೊಟ್ಟೆ ಉರಿಯೋದು ಇಲ್ಲಿ. ಗಟ್ಟಿಯಾಗದ ಹಾಗೆ ಹೆಚ್ಚು ಹಿಟ್ಟು ಹಿಡಿಸೋ ವಿದ್ಯೆ ನಮ್ಮಲ್ಲೇ ಇದೆ! ರಾಗಿಯನ್ನ ಮೊಳಕೆ ಬರಿಸಿ, ಒಣಗಿಸಿ, ಹಿಟ್ಟು ಮಾಡಿದರೆ ಮೊಳಕೆಯಲ್ಲಿ ಹುಟ್ಟಿದ ಅಮೈಲೇಸ್ ಅನ್ನೋ ಕಿಣ್ವ ಪಿಷ್ಟವನ್ನ ಒಡೆಯುತ್ತೆ. ಅದೇ ನೀರಿಗೆ ಹೆಚ್ಚು ಹಿಟ್ಟು ಹಾಕಿ ಕಾಯಿಸಿದರೂ ಗಂಜಿ ತೆಳ್ಳಗೇ ಇರುತ್ತೆ. ನಮ್ಮಜ್ಜಿಯರು ಮಗುವಿನ ರಾಗಿ ಸರಿಗೆ ಮಾಡ್ತಿದ್ದದ್ದು ಇದನ್ನೇ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 1980ರ ದಶಕದಲ್ಲೇ ಮೊಳಕೆ ರಾಗಿ, ಹೆಸರುಕಾಳು ಸೇರಿಸಿ ಮಕ್ಕಳ ಆಹಾರವಾಗಿ ಅದನ್ನ ಅಳೆದು ತೋರಿಸಿದ್ದಾರೆ. ಮೈಸೂರಿನಿಂದ ನಮ್ಮೂರ ಆಸ್ಪತ್ರೆಯ ಡಿಸ್ಚಾರ್ಜ್ ಕೌಂಟರಿಗೆ ಬರೋಕೆ ಆ ವಿದ್ಯೆಗೆ ಇನ್ನೆಷ್ಟು ವರ್ಷ ಬೇಕು?

ಆ ಡಯಟಿಷಿಯನ್ ಬರೆದುಕೊಟ್ಟದ್ದೂ ಅದೇ. ಮೊಳಕೆ ರಾಗಿ ಹಿಟ್ಟು, ನೀರು ಬೆರೆಸದ ಹಾಲಿಗೆ ಇನ್ನಷ್ಟು ಹಾಲಿನ ಪುಡಿ, ಚೆನ್ನಾಗಿ ಬೆಂದ ಬೇಳೆ ಮಿಕ್ಸಿಯಲ್ಲಿ ರುಬ್ಬಿ ಶೋಧಿಸಿದ್ದು, ಬೇಯಿಸಿ ರುಬ್ಬಿದ ಮೊಟ್ಟೆ (ಚಿಕ್ಕಮ್ಮ ಎರಡು ದಿನ ಹಿಂದೆಮುಂದೆ ನೋಡಿದರು, ಆಮೇಲೆ ತಾವೇ ಬೇಯಿಸಿದರು), ಒಂದೊಂದು ಫೀಡಿಗೂ ಒಂದು ಚಮಚ ಎಣ್ಣೆ. ಒಂದು ಚಮಚಕ್ಕೇ 40 ಕ್ಯಾಲರಿ! ಫೀಡಿಗೆ ಮುಂಚೆ, ಆಮೇಲೆ 30 ಎಂಎಲ್ ನೀರು ಬಿಟ್ಟು ಟ್ಯೂಬ್ ತೊಳೆದರೆ ಬ್ಲಾಕ್ ಆಗೋದೂ ಕಮ್ಮಿ. ತಲೆ ಎತ್ತರಿಸಿ ಕೊಡಬೇಕು, ಕೊಟ್ಟ ಮೇಲೂ ಅರ್ಧ ಮುಕ್ಕಾಲು ಗಂಟೆ ಹಾಗೇ ಇರಿಸಬೇಕು, ಇಲ್ಲದಿದ್ದರೆ ಉಕ್ಕಿ ಬಂದು ಶ್ವಾಸಕೋಶಕ್ಕೆ ಹೋಗಬಹುದು. ಇದನ್ನೂ ಆ ನಾಲ್ಕು ಪುಟದಲ್ಲಿ ಯಾರೂ ಬರೆದಿರಲಿಲ್ಲ.

ಇದನ್ನ ಓದಿ ನಾಳೆಯಿಂದಲೇ ನಿಮ್ಮ ರೋಗಿಗೆ ಸುರಿಯಬೇಡಿ ಮತ್ತೆ. ವಾರಗಟ್ಟಲೆ ಸೊರಗಿದವರಿಗೆ ಒಮ್ಮೆಲೇ ಪೂರ್ತಿ ಊಟ ಕೊಟ್ಟರೆ ರಕ್ತದಲ್ಲಿ ಫಾಸ್ಫರಸ್, ಪೊಟ್ಯಾಸಿಯಂ ಕುಸಿದು ಜೀವಕ್ಕೇ ಅಪಾಯ ಆಗಬಹುದು. ನಮಗೂ ರಕ್ತಪರೀಕ್ಷೆ ಮಾಡಿಸ್ತಾ ನಿಧಾನಕ್ಕೇ ಏರಿಸಿದರು. ಸಕ್ಕರೆ ಕಾಯಿಲೆಗೆ ಬೇರೆ ಲೆಕ್ಕ, ಕಿಡ್ನಿಗೆ ಬೇರೆ. ಅದಕ್ಕೇ ನಾನು ಹೇಳ್ತಿರೋದು ಲೆಕ್ಕ ಹಾಕಿ ಬರೆದುಕೊಡುವ ಕೆಲಸ ಆಸ್ಪತ್ರೆಯದ್ದು, ಚಿಕ್ಕಮ್ಮನದ್ದಲ್ಲ.

"ಪೇಷೆಂಟ್ ನೋಡೋಕೇ ಟೈಮಿಲ್ಲ, ಮೆನು ಬರೆಯೋದೆಲ್ಲಿ" ಅಂತ ನನ್ನ ಡಾಕ್ಟರ್ ಗೆಳೆಯನ ವಾದ. ಒಪ್ಪೋಣ. ಮೆನು ಬೇಡ, ನಾಲ್ಕು ಅಂಕಿ ಬರೆಯಲಿ: ದಿನಕ್ಕೆ ಎಷ್ಟು ಕ್ಯಾಲರಿ, ಎಷ್ಟು ಗ್ರಾಂ ಪ್ರೋಟೀನು, ಎಷ್ಟು ನೀರು, ಮತ್ತೆ ಯಾವತ್ತು ನೋಡೋದು. ಎದ್ದು ನಿಲ್ಲಲಾರದವರ ತೂಕ ನೋಡೋದು ಹೇಗೆ ಅಂತೀರಾ? ದರ್ಜಿಯ ಟೇಪಿನಲ್ಲಿ ತೋಳಿನ ಸುತ್ತಳತೆ ವಾರಕ್ಕೊಮ್ಮೆ ಬರೆದಿಟ್ಟರೂ ಸಾಕು, ಇಳೀತಿದೆಯೋ ಏರುತ್ತಿದೆಯೋ ಗೊತ್ತಾಗುತ್ತೆ.

ನಾಲ್ಕಾರು ವಾರ ಕಳೆದರೂ ನುಂಗೋಕೆ ಆಗದಿದ್ದರೆ ಮೂಗಿನ ಬದಲು ನೇರ ಹೊಟ್ಟೆಗೇ ಇಡುವ ಪೆಗ್ ಟ್ಯೂಬ್ ಬಗ್ಗೆಯೂ ಕೂತು ಮಾತಾಡಬೇಕು. 1979ರಿಂದ ಇರುವ ವಿಧಾನ ಅದು. ಲಕ್ವ ಹೊಡೆದ ಮೊದಲ ವಾರಗಳಲ್ಲಿ ಮೂಗಿನ ಟ್ಯೂಬೇ ಮೇಲು ಅಂತ 2005ರಲ್ಲಿ ಬಂದ ಫುಡ್ ಟ್ರಯಲ್ ತೋರಿಸಿತ್ತು, ಆಮೇಲಿನ ಮಾತು ಬೇರೆ. ಮರೆವಿನ ಕಾಯಿಲೆ ಕೊನೆ ಹಂತಕ್ಕೆ ಬಂದವರಿಗಂತೂ ಟ್ಯೂಬೇ ಬೇಡ, ಕೈಯಾರೆ ಉಣಿಸಿ ಅಂತಾರೆ ವೃದ್ಧರ ವೈದ್ಯರು. ಇಡಬೇಕೋ ಬೇಡವೋ ಅನ್ನೋದು ಒಂದು ಪ್ರಶ್ನೆ. ಇಟ್ಟ ಮೇಲೆ ಅದರಲ್ಲಿ ಬರೀ ನೀರು ಬಿಡೋದು ಉತ್ತರ ಅಲ್ಲ.

ಚಿಕ್ಕಪ್ಪನ ಹುಣ್ಣು ಮಾಯೋಕೆ ನಾಲ್ಕು ತಿಂಗಳು ಹಿಡೀತು. ಹೊಸ ಆಸ್ಪತ್ರೆಯ ಫೈಲಿನಲ್ಲಿ ಹಳೇ ಸಮ್ಮರಿ ಈಗಲೂ ಇದೆ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಫೈಲ್ ಇದ್ದರೆ ತೆಗೆದು ನೋಡಿ, ಊಟದ ಸಾಲಿನಲ್ಲಿ ಏನು ಬರೆದಿತ್ತು ಅಂತ ಕಾಮೆಂಟಿನಲ್ಲಿ ಹಾಕಿ. ಆಸ್ಪತ್ರೆ ಹೆಸರು ಬೇಡ, ಆ ಸಾಲು ಮಾತ್ರ.