ಅಡೇನಿಯಂನ ಬುಡ ಮೆತ್ತಗಾದಾಗ

ನೀರಿಲ್ಲದ ಸೀಮೆಗೆ ಹೇಳಿ ಮಾಡಿಸಿದ ಹೂಗಿಡ ಎಂದು ನರ್ಸರಿಯವರು ಅಡೇನಿಯಂ ಕೈಗಿಡುತ್ತಾರೆ. ಚಳ್ಳಕೆರೆ, ಮೊಳಕಾಲ್ಮೂರಿನ ಮಟ್ಟಿಗೆ ಈ ಮಾತು ಅರ್ಧ ನಿಜ. ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆ ಬೀಳುವ ಈ ಕಡೆ ಬಿಸಿಲಿಗೇನೂ ಬರವಿಲ್ಲ. ಗಿಡ ಬೇಡುವ ದಿನದ ಐದಾರು ಗಂಟೆ ಬಿಸಿಲು ಮಾಳಿಗೆ ಮೇಲೆ ಪುಕ್ಕಟೆ ಸಿಗುತ್ತದೆ. ಅಪಾಯವಿರುವುದು ಬೇಸಿಗೆಯಲ್ಲಲ್ಲ, ಮಳೆ ಹಿಡಿದು ಕೂರುವ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ.

ಅಡೇನಿಯಂ ನಮ್ಮ ಕಣಗಿಲೆಯ ಕುಟುಂಬದ್ದೇ. ಇದರ ತವರು ಸಹಾರಾದ ದಕ್ಷಿಣದ ಒಣ ಪಟ್ಟಿಯಿಂದ ಅರೇಬಿಯದವರೆಗಿನ ಕಲ್ಲುನೆಲ. ಅಲ್ಲಿ ಮಳೆ ಬಂದ ನಾಲ್ಕು ದಿನ ಹೊಟ್ಟೆ ತುಂಬ ಕುಡಿದು, ಕಾಂಡದ ಬುಡ ಮತ್ತು ಬೇರಿನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಊದಿದ ಆ ಬುಡವೇ ಅದರ ಅಂದ. ಅಂದರೆ ಇದು ನೀರು ಬೇಡದ ಗಿಡವಲ್ಲ. ಚಿಗುರಿ ಹೂ ಬಿಡುವ ಕಾಲದಲ್ಲಿ ಚೆನ್ನಾಗಿಯೇ ಕುಡಿಯುತ್ತದೆ. ಕುಡಿದ ಮೇಲೆ ಬೇರಿಗೆ ಗಾಳಿ ಆಡಬೇಕು, ಅಷ್ಟೇ. ಮಣ್ಣಿನ ಸಂದುಗಳಲ್ಲಿ ನೀರು ನಿಂತರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ, ಕೊಳೆತ ಜಾಗದಿಂದ ಶಿಲೀಂಧ್ರ ಬುಡಕ್ಕೆ ಏರುತ್ತದೆ.

ಬೆಳೆಸುವವರು ಎಡವುವುದು ಇಲ್ಲಿ. ಹೆಬ್ಬೆರಳಿನಿಂದ ಬುಡವನ್ನು ಒತ್ತಿ ನೋಡಿದರೆ ಮೆತ್ತಗಿದೆ. ಏಪ್ರಿಲ್‌ನಲ್ಲಿ, ಮಣ್ಣು ಒಣಗಿರುವಾಗ ಹೀಗಾದರೆ ಅದು ಬಾಯಾರಿಕೆ: ಬುಡವಿಡೀ ಒಂದೇ ಸಮ ಮೆತ್ತಗಿದ್ದು ಸಿಪ್ಪೆ ಸುಕ್ಕಾಗಿರುತ್ತದೆ. ಕುಂಡದ ತೂತಿನಿಂದ ನೀರು ಇಳಿಯುವಂತೆ ಎರೆದರೆ ಕೆಲವೇ ದಿನಗಳಲ್ಲಿ ಗಟ್ಟಿಯಾಗುತ್ತದೆ. ಅಕ್ಟೋಬರ್‌ನಲ್ಲಿ, ಮಣ್ಣು ಹಸಿಯಿರುವಾಗ ಮೆತ್ತಗಾಗಿದ್ದರೆ ಅದು ಕೊಳೆ. ಒಂದು ಮಗ್ಗುಲಲ್ಲಿ ಶುರುವಾಗಿ, ಒತ್ತಿದರೆ ಬೆರಳು ಒಳಕ್ಕಿಳಿಯುತ್ತದೆ. ಎಲೆ ಹಳದಿಯಾಗಿ ಉದುರುತ್ತದೆ, ಮೂಗಿಗೆ ಹುಳಿ ವಾಸನೆ ಬಡಿಯುತ್ತದೆ. ಬಾಡಿದೆ ಪಾಪ ಎಂದು ಆಗ ನೀರು ಹಾಕಿದರೆ ಗಿಡದ ಕಥೆ ಮುಗಿದಂತೆಯೇ.

ಕೊಳೆ ಎಂದು ಖಚಿತವಾದರೆ ಗಿಡ ಕಿತ್ತು, ಬೇರು ತೊಳೆದು, ಕಂದು ಬಣ್ಣದ ಭಾಗವನ್ನೆಲ್ಲ ಚೂಪಾದ ಚಾಕುವಿನಿಂದ ಬೆಳ್ಳನೆ ತಿರುಳು ಕಾಣುವವರೆಗೆ ಕೊಯ್ಯಿರಿ. ಸ್ವಲ್ಪ ಕಂದು ಉಳಿದರೂ ಕೊಯ್ದದ್ದು ದಂಡ. ಗಾಯಕ್ಕೆ ಶಿಲೀಂಧ್ರನಾಶಕ ಪುಡಿ ಸವರಿ, ನೆರಳಲ್ಲಿ ವಾರ, ಹತ್ತು ದಿನ ಒಣಗಲು ಬಿಡಿ. ಗಿಡ ಮಣ್ಣಿಲ್ಲದೆ ಅಷ್ಟು ದಿನ ಬದುಕುತ್ತದೆಯೇ ಎಂಬ ಅನುಮಾನ ಬೇಡ, ನೀರು ಅದರ ಹೊಟ್ಟೆಯಲ್ಲೇ ಇದೆ. ಆಮೇಲೆ ಒಣ ಮಣ್ಣಿಗೆ ನೆಟ್ಟು, ಇನ್ನೂ ಕೆಲವು ದಿನ ಬಿಟ್ಟು ನೀರು ಕೊಡಿ.

ಮಣ್ಣಿನ ವಿಚಾರದಲ್ಲಿ ಎರೆಮಣ್ಣಿನ ಆಸೆ ಬಿಡಿ. ಅದು ನೀರು ಹಿಡಿದರೆ ಬಿಡುವುದಿಲ್ಲ. ಗರಸು, ದಪ್ಪ ಮರಳು, ಇಟ್ಟಿಗೆ ಚೂರು ಸೇರಿ ಮುಕ್ಕಾಲು ಪಾಲಾದರೆ, ಉಳಿದ ಕಾಲು ಪಾಲು ಚೆನ್ನಾಗಿ ಕಳಿತ ಗೊಬ್ಬರ ಸಾಕು. ಎಣ್ಣೆ ಮಿಲ್ಲುಗಳ ಊರಾದ ಚಳ್ಳಕೆರೆಯಲ್ಲಿ ಶೇಂಗಾ ಹಿಂಡಿ ಸುಲಭವಾಗಿ ಸಿಗುತ್ತದೆಂದು ಹಿಡಿ ಹಿಡಿ ಸುರಿಯಬಾರದು. ಅದರಲ್ಲಿ ಸಾರಜನಕ ಜಾಸ್ತಿ. ಎಲೆ ಸೊಂಪಾಗಿ ಬಂದು ಹೂವು ಹಿಂದೆ ಬೀಳುತ್ತದೆ. ಬೋರ್ ನೀರಿನ ಗಡಸುತನದಿಂದ ಮಣ್ಣಿನ ಮೇಲೆ ಬಿಳಿ ಉಪ್ಪು ಕಟ್ಟಿದರೆ, ಮಳೆನೀರು ಸಿಕ್ಕಾಗ ಒಮ್ಮೆ ಧಾರಾಳವಾಗಿ ಎರೆದು ತೊಳೆಯಿರಿ. ಬಿಡದೆ ಸುರಿಯುವ ಮಳೆಯಲ್ಲಿ ಮಾತ್ರ ಕುಂಡ ಸೂರಿನಡಿ ಇರಲಿ. ಚಳಿಗೆ ಎಲೆ ಉದುರಿದರೆ ಗಾಬರಿ ಬೇಡ, ನೀರು ಕಡಿಮೆ ಮಾಡಿ.

ಕೊಳ್ಳುವಾಗ ಇನ್ನೊಂದು ವಿಷಯ ನೋಡಿ. ಬೀಜದಿಂದ ಬಂದ ಗಿಡದ ಬುಡ ಊದಿದಷ್ಟು ಚೆನ್ನಾಗಿ ಕಡ್ಡಿ ನೆಟ್ಟ ಗಿಡದ್ದು ಊದುವುದಿಲ್ಲ. ಆದರೆ ಬೀಜದ ಗಿಡ ತಾಯಿಯ ಬಣ್ಣದ ಹೂವನ್ನೇ ಬಿಡುತ್ತದೆಂಬ ಖಾತರಿಯಿಲ್ಲ. ಅದಕ್ಕೇ ಬೀಜದ ಬುಡಕ್ಕೆ ಬೇಕಾದ ಬಣ್ಣದ ಕಸಿ ಕಟ್ಟುತ್ತಾರೆ. ಪ್ರತಿ ಸಲ ಕುಂಡ ಬದಲಿಸುವಾಗ ಗಿಡವನ್ನು ಒಂದಂಗುಲ ಮೇಲೆತ್ತಿ ನೆಟ್ಟರೆ ಬುಡದ ಆಕಾರ ಹೊರಗೆ ಕಾಣುತ್ತದೆ.

ಬೇಸಿಗೆಯ ಮುಂಚೆ ಸವರಿದ ರೆಂಬೆಗಳನ್ನು ಬೀದಿಗೆ ಎಸೆಯಬೇಡಿ. ಇದರ ಹಾಲು ವಿಷ, ಹೃದಯಕ್ಕೇ ಹೊಡೆತ. ಆಫ್ರಿಕದಲ್ಲಿ ಬೇಟೆಗಾರರು ಬಾಣದ ತುದಿಗೆ ಸವರುತ್ತಿದ್ದುದು ಇದನ್ನೇ. ಕುರಿ, ಮೇಕೆ ಮನೆಮುಂದೆಯೇ ಹಾಯುವ ಈ ಊರುಗಳಲ್ಲಿ ಆ ರೆಂಬೆಗಳನ್ನು ಹೂತು ಹಾಕಿ, ಕೈ ತೊಳೆದುಕೊಳ್ಳಿ.